ಐಸಿಯುವಿನಲ್ಲಿ ಒಂದು ಬಾರಸೆ

ಕಾರವಾರದ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಹತ್ತಿರ ಅವತ್ತು ನಾವು ನಾಲ್ಕು ಜನ ಇದ್ದೆವು. ಮಂಚದ ಮೇಲೆ ನಾನು. ನನ್ನ ಮಗ್ಗುಲಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ನನ್ನ ಮಗ, ಹಿಂದಿನ ದಿನ ಹುಟ್ಟಿದವನು. ಕಾಲಬುಡದ ಸ್ಟೂಲಿನ ಮೇಲೆ ನಮ್ಮ ಅತ್ತೆ. ಗೋಡೆಗೆ ಒರಗಿ ನಿಂತವಳು ನನ್ನ ಗಂಡನ ಅಕ್ಕ ನಾಗವೇಣಿ. ಬೆಳಗಿನ ಮೀನು ಅಂಕೋಲೆ ಪೇಟೆಯಲ್ಲಿ ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಗುರುತಿನವರ ಅಂಗಡಿಯಲ್ಲಿಟ್ಟು, ಬಸ್ಸು ಹತ್ತಿ ಬಂದಿದ್ದಳು. ನಮ್ಮವರು ಬೋಟಿನ ಇಂಜಿನ್ ಕೆಲಸದವರು; ಮಗ ಹುಟ್ಟಿದ ಖುಷಿಗೆ ಪೇಡೆ ತರುತ್ತೇನೆಂದು ಪೇಟೆಗೆ ಹೋಗಿದ್ದರು.

ನಾಗವೇಣಿ ಅಕ್ಕ ಬಗ್ಗಿ ಕೂಸಿನ ಮುಖ ನೋಡಿದಳು.

"ಎಂತ ಬಣ್ಣವೇ ಇದು? ಮೋಡ ಕವಿದ ಹಾಂಗೆ."

"ಅವನ ಅಜ್ಜನ ಬಣ್ಣ," ಅಂದರು ಅತ್ತೆ. "ಅವರ ತುಟಿನೂ ಹೀಂಗೇ ಇತ್ತು. ನೇರಳೆ ಹಣ್ಣು ತಿಂದವರ ಹಾಂಗೆ."

"ಅಪ್ಪನ ತುಟಿ ಬೀಡಿಯಿಂದ ಹಾಂಗಾದದ್ದು, ಆಯೀ. ಇವ ಹೊಟ್ಟೆ ಒಳಗೆ ಕೂತು ಬೀಡಿ ಸೇದಿದ್ನಾ?"

ನನಗೆ ಹೊಲಿಗೆ ನೋಯುವಷ್ಟು ನಗು ಬಂತು. ಜ್ವರ ನೋಡಲು ಬಂದ ನರ್ಸಬಾಯಿಯೂ ನಕ್ಕರು. ನಗುತ್ತಲೇ ಕೂಸಿನ ತುಟಿ ನೋಡಿದರು, ಆಮೇಲೆ ನಗಲಿಲ್ಲ. "ಹಾಲು ಕುಡೀತಾನಾ?" ಅಂತ ಕೇಳಿದರು. ಎರಡು ಗುಟುಕು ಎಳೆಯುತ್ತಾನೆ, ಬಿಡುತ್ತಾನೆ, ಹಣೆಯೆಲ್ಲ ಬೆವರುತ್ತದೆ, ಹಾಗೇ ನಿದ್ದೆ ಹೋಗುತ್ತಾನೆ ಅಂದೆ. ಅವರು ಅವನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಹಾಗೇ ಎದೆಗವಚಿಕೊಂಡು ಹೊರಗೆ ನಡೆದೇಬಿಟ್ಟರು.

ಈ ಬರಹ ನಾನು ಬರೆಯುತ್ತಿರುವುದು ಅಂಥ ಮಂಚದ ಮೇಲೆ ಈಗ ಕೂತಿರುವ ತಾಯಂದಿರಿಗಾಗಿ. ಡಾಕ್ಟರರ ಮಾತು ಡಾಕ್ಟರರೇ ಹೇಳುತ್ತಾರೆ. ನನಗೆ ಗೊತ್ತಿರುವುದು ಕೂತು ಕಾಯುವ ಕೆಲಸ ಮಾತ್ರ. ಅದನ್ನು ಹೇಳುತ್ತೇನೆ.

ಮಕ್ಕಳ ಡಾಕ್ಟರು ಬಂದರು. ಕೂಸಿನ ಕಾಲಿನ ಹೆಬ್ಬೆರಳಿಗೆ ಕೆಂಪು ದೀಪದ ಕ್ಲಿಪ್ಪು ಹಾಕಿ ಯಂತ್ರ ನೋಡಿದರು. ಕ್ಲಿಪ್ಪು ಸರಿ ಕೂತಿಲ್ಲವೇನೋ ಎಂದು ಇನ್ನೊಂದು ಕಾಲಿಗೆ ಹಾಕಿದರು. ಯಂತ್ರ ಮತ್ತೆ ಅದನ್ನೇ ಹೇಳಿತು. "ಹೃದಯದ ತೊಂದರೆ ಕಾಣ್ತದೆ. ಇಲ್ಲಿ ಆಗುವ ಕೆಲಸ ಅಲ್ಲ. ಬೆಂಗಳೂರಿಗೆ ಹೊರಡಿ, ಇವತ್ತೇ," ಅಂದರು. ಪೇಡೆಯ ಪೊಟ್ಟಣ ಹಿಡಿದು ಆಗಷ್ಟೇ ಬಾಗಿಲಿಗೆ ಬಂದಿದ್ದ ನಮ್ಮವರು, ಎಂತ ಮಾಡುವುದೆಂದು ತೋಚದೆ ಡಾಕ್ಟರರಿಗೇ ಒಂದು ಪೇಡೆ ಕೊಟ್ಟರು. ಆ ಪುಣ್ಯಾತ್ಮರು ಬೇಡ ಅನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಫೋನು ಮಾಡಲು ಹೋದರು.

ಪಕ್ಕದ ಮಂಚದ ಬಾಣಂತಿಯ ಅಜ್ಜಿಗೆ ಅಷ್ಟು ಸಾಕಾಯಿತು.

"ಗ್ರಹಣದಲ್ಲಿ ಹೊರಗೆ ಬಂದಿದ್ಯಾ ತಂಗೀ? ಏಡಿ ತಿಂದ್ಯಾ?"

ನಾಗವೇಣಿ ಅಕ್ಕ ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಏಡಿ ತಿನ್ನದ ಬಸುರಿ ನಮ್ಮ ಕೇರಿಯಲ್ಲಿ ಯಾರಿದ್ದಾಳೆ ಹೇಳಿ ಅಜ್ಜೀ, ನೋಡ್ಕಂಡು ಬರ್ತೆ."

ಆಂಬುಲೆನ್ಸಿನಲ್ಲಿ ನಾನು, ನಮ್ಮವರು, ಕೂಸು, ಒಬ್ಬ ನರ್ಸು. ಅಂಕೋಲೆಯವರೆಗೆ ನಾಗವೇಣಿ ಅಕ್ಕ ಡ್ರೈವರನ ಪಕ್ಕ. ಅತ್ತೆಗೆ ಜಾಗ ಇರಲಿಲ್ಲ. ಹಸಿ ಬಾಣಂತಿ ಘಟ್ಟ ಹತ್ತುವುದೆಂದರೆ ಅವರಿಗೆ ಜೀವ ಹೋದಷ್ಟಾಗಿತ್ತು. ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ತಮ್ಮ ಶಾಲು ಬಿಗಿದು, ಗಾಡಿಯ ಬಾಗಿಲು ಹಿಡಿದುಕೊಂಡು ಒಂದೇ ಮಾತು ಹೇಳಿದರು: "ಯಾರು ಕೇಳಿದ್ರೂ ಕೂಸು ಅನ್ನಿ. ಅಮೆ ಕಳೀದೆ ಹೆಸರು ಗಿಸರು ಇಡಬೇಡಿ."

ನಮ್ಮಲ್ಲಿ ಹೆರಿಗೆಯ ಅಮೆ, ಅಂದರೆ ಸೂತಕ, ಕಳೆದು ಹನ್ನೆರಡನೆಯ ದಿನ ಬಾರಸೆ. ಅವತ್ತೇ ತೊಟ್ಟಿಲು, ಅವತ್ತೇ ಹೆಸರು. ಹೆಸರಿಡುವ ಹಕ್ಕು ಕೂಸಿನ ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್‌ರ್‌ರ್' ಅಂದು ಹೆಸರು ಉಸುರಬೇಕು. ಹಾಗೆ ಬಗ್ಗಿದಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದುವುದೆಂದು ನನ್ನಜ್ಜಿಯನ್ನು ಕೇಳಿದ್ದೆ. "ಬೇರೆ ದಿನ ಗಂಡನ ಅಕ್ಕನಿಗೆ ಗುದ್ದೂಕೆ ಬಿಡ್ತಾರಾ?" ಅಂದಿದ್ದಳು.

ಅಂಕೋಲೆಯಲ್ಲಿ ನಾಗವೇಣಿ ಅಕ್ಕ ಇಳಿದಳು. ಹಿಂದೆ ಬಂದು ಗಾಜಿನೊಳಗೆ ಇಣುಕಿ, ಗಾಡಿಯ ತಗಡನ್ನು ಎರಡು ಸಲ ತಟ್ಟಿದಳು. ಬೋಟನ್ನು ನೀರಿಗೆ ದೂಡುವಾಗ ತಟ್ಟುವ ಹಾಗೆ. ಅಗಸೂರು ದಾಟಿತು, ಕಾಡು ಶುರುವಾಯಿತು. ಸುಂಕಸಾಳದಲ್ಲಿ ಆಮ್ಲಜನಕದ ಸಿಲಿಂಡರು ಬದಲಿಸಲು ಗಾಡಿ ನಿಲ್ಲಿಸಿದರು. ರಸ್ತೆ ಬದಿಯ ಹೊಟೇಲಿನವನು ಗಾಡಿಯೊಳಗೆ ಬಾಣಂತಿ ಇದ್ದಾಳೆಂದು ತಿಳಿದು, ನಾವು ಕೇಳದೆಯೇ ಒಂದು ಥರ್ಮಾಸ್ ಬಿಸಿನೀರು ತಂದುಕೊಟ್ಟ. "ಥರ್ಮಾಸು?" ಅಂದರು ನಮ್ಮವರು. "ಬರುವಾಗ ಕೊಡಿ. ಮೂರೂ ಜನ ಬನ್ನಿ," ಅಂದ. ಆ ಮಾತು ಹಿಡಿದುಕೊಂಡೇ ನಾನು ಘಟ್ಟ ಹತ್ತಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಗೋಡೆಯ ಆಚೆ ಇಟ್ಟರು. ಹೊಟ್ಟೆಯಲ್ಲಿದ್ದಾಗ ರಕ್ತ ಓಡಾಡುವ ಒಂದು ಸಣ್ಣ ದಾರಿ ಇರುತ್ತದಂತೆ, ಹುಟ್ಟಿದ ಮೇಲೆ ಮುಚ್ಚಿಹೋಗುತ್ತದಂತೆ. ಇವನಿಗೆ ಅದು ಮುಚ್ಚಬಾರದು, ಅದಕ್ಕೊಂದು ಔಷಧಿ ಹನಿಹನಿಯಾಗಿ ಹೋಗುತ್ತಲೇ ಇರಬೇಕು. ಹೃದಯದ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ನಮ್ಮಿಬ್ಬರನ್ನು ಕೂರಿಸಿ, ಬಿಳಿ ಹಾಳೆಯ ಮೇಲೆ ಚಿತ್ರ ಬರೆದರು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿವೆ. ಕತ್ತರಿಸಿ, ಅದರದರ ಜಾಗಕ್ಕೆ ಹೊಲಿಯಬೇಕು.

ನಮ್ಮವರು ಹಾಳೆಯನ್ನೇ ನೋಡುತ್ತ ಕೂತವರು ಕೇಳಿದರು, "ಅಂದ್ರೆ ಇಂಜಿನ್ ಸರಿ ಅದೆ, ಪೈಪು ತಿರುವುಮುರುವು. ಅಲ್ವಾ ಮೇಡಂ?"

"ಅಷ್ಟೇ," ಅಂದರು ಡಾಕ್ಟರಮ್ಮ. "ಇಂಜಿನ್ ಒಂದು ನೆಲ್ಲಿಕಾಯಿಯಷ್ಟು ಸಣ್ಣದು, ಅದೊಂದೇ ಕಷ್ಟ."

ನಾನು ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಆದರೆ ಅವರು ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು. "ನೀವು ತಿಂದದ್ದರಿಂದ, ಮಾಡಿದ್ದರಿಂದ ಇದು ಬಂದದ್ದಲ್ಲ. ಯಾರಾದರೂ ಹೇಳಿದ್ರೆ ನನ್ನ ಹತ್ತಿರ ಕಳಿಸಿ." ಅವತ್ತಿನವರೆಗೆ ನನಗೆ ಅಳು ಬಂದಿರಲಿಲ್ಲ. ಅಲ್ಲಿ ಬಂತು. ಏಡಿಯ ಮಾತು ಎಷ್ಟು ಒಳಗೆ ಹೋಗಿ ಕೂತಿತ್ತೆಂದು ಆಗಲೇ ನನಗೆ ಗೊತ್ತಾದದ್ದು.

ಆಪರೇಷನ್ನಿನ ದಿನ ಗೊತ್ತಾಯಿತು. ಬಾರಸೆಗೆ ಇನ್ನೂ ಎರಡು ಮೂರು ದಿನ ಮೊದಲೇ.

ಕಾಯುವ ಹಾಲ್ ಅಂದರೆ ಒಂದು ಊರು. ಚಾಪೆ ಹಾಸಿಕೊಂಡವರು, ಕುರ್ಚಿ ಜೋಡಿಸಿ ಮಲಗಿದವರು, ಒಗೆದ ಬಟ್ಟೆಯನ್ನು ಕಿಟಕಿಯ ಸರಳಿಗೆ ಹರವಿದವರು. ಬಾಗಿಲಲ್ಲಿ ನಿಂತ ಕಾವಲಿನವನು ಒಳಗಿನಿಂದ ಕರೆ ಬಂದಾಗ "ಬೇಬಿ ಆಫ್ ಸುನೀತಾ! ಬೇಬಿ ಆಫ್ ಫಾತಿಮಾ!" ಎಂದು ಕೂಗುತ್ತಿದ್ದ. ಕೂಗಿದಾಗಲೆಲ್ಲ ಯಾರದೋ ತಟ್ಟೆ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಮಗ 'ಬೇಬಿ ಆಫ್ ಮಂಗಲಾ'. ಒಳಗೆ ಹೋದರೂ ಅದೇ. ಅವನ ಮಂಚಕ್ಕೆ ಕಟ್ಟಿದ ಚೀಟಿಯಲ್ಲಿ ನನ್ನ ಹೆಸರೇ.

ನನ್ನ ಪಕ್ಕದ ಚಾಪೆಯವಳು ರಾಯಚೂರು ಕಡೆಯ ಶರಣಮ್ಮ. ಅವಳ ಹೆಣ್ಣುಮಗುವಿನದು ಹೃದಯದಲ್ಲಿ ತೂತು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡದೆ ಒಂದು ದಿನವೂ ಉಂಡವಳಲ್ಲ.

"ಕೂಸಿನ ಹೆಸರೇನ್ರೀ?" ಅಂತ ಕೇಳಿದಳು.

"ಇನ್ನೂ ಇಟ್ಟಿಲ್ಲ."

"ಇಟ್ಟಿಲ್ಲಾ? ಮತ್ತ ನಾ ದೇವರಿಗೆ ಯಾರ ಸಲುವಾಗಿ ಅಂತ ಹೇಳಲಿ? ಬೆಂಗಳೂರಾಗ ಕೂಸು ಒಂದಽ ಐತೇನು?"

ಅವಳು ತಮಾಷೆಗೇ ಅಂದದ್ದು. ಆದರೆ ಮರುದಿನ ಹಾಲು ಹಿಂಡಿ ಬಾಟಲಿ ಒಳಗೆ ಕೊಡಲು ಹೋದಾಗ, ನಾನು ಅವನ ಮಂಚದ ಹತ್ತಿರ ನಿಂತು "ಏ ಕೂಸೇ" ಅಂದೆ. ಆಚೆ ಒಂದು ಕೂಸು, ಈಚೆ ಒಂದು ಕೂಸು. ಅವನ ಮೂಗಿನಲ್ಲಿ ಕೊಳವೆ, ಹೊಕ್ಕುಳಲ್ಲಿ ಸೂಜಿ. ನಾನು ಕರೆದದ್ದು ತನ್ನನ್ನೇ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಆಪರೇಷನ್ನಿನಲ್ಲಿ ಅಷ್ಟು ಹೊತ್ತು ಪರರ ಕೈಯಲ್ಲಿ, ಎದೆ ತೆರೆದುಕೊಂಡು ಮಲಗುವವನು. ತನ್ನದೆಂಬ ಒಂದು ಹೆಸರನ್ನಾದರೂ ಒಳಗೆ ತೆಗೆದುಕೊಂಡು ಹೋಗಲಿ ಎಂದು ನನ್ನ ಮನಸ್ಸು ಹಟ ಹಿಡಿಯಿತು. ಅವನು ವಾಪಸು ಬರದಿದ್ದರೆ ಎಂಬ ಮಾತನ್ನು ನಾನು ನಮ್ಮವರ ಹತ್ತಿರವೂ ಆಡಲಿಲ್ಲ. ಆದರೆ ಬಂದರೂ ಬರದಿದ್ದರೂ ಅವನು 'ಬೇಬಿ ಆಫ್' ಆಗಿ ಹೋಗಬಾರದು ಎಂದು ಮಾತ್ರ ಅನಿಸಿತು.

ಅತ್ತೆಗೆ ಫೋನು ಮಾಡಿದೆ. ನೌಕಾನೆಲೆಗಾಗಿ ದಂಡೆಯ ಮೇಲಿನ ಊರು ಬಿಟ್ಟು ತೋಡೂರಿನ ಕಾಲನಿಗೆ ಬಂದವರು ನಾವು. ಮನೆಯಲ್ಲಿ ಫೋನಿರಲಿಲ್ಲ, ಕಾಲನಿಯ ಅಂಗಡಿಗೆ ಮಾಡಿದರೆ ಅಂಗಡಿಯವನು ಕರೆಯುತ್ತಿದ್ದ. ಅವತ್ತು ಕರೆಯಬೇಕಾಗಲಿಲ್ಲ. ಊಟ ಬಿಟ್ಟರೆ ಉಳಿದ ಹೊತ್ತೆಲ್ಲ ಅತ್ತೆ ಅಂಗಡಿಯ ಜಗಲಿಯಲ್ಲೇ ಕೂತಿರುತ್ತಿದ್ದರಂತೆ.

"ಅತ್ತೆ, ಆಪರೇಷನ್ನಿಗೆ ಮೊದಲು ಹೆಸರಿಡ್ತೇವೆ."

"ಬೇಡ."

"ಅಮೆಯ ದಿನ ಆದ್ರೇನಾಯ್ತು, ಇದು ಆಸ್ಪತ್ರೆ..."

"ಅಮೆಗಾಗಿ ಅಲ್ಲ ನಾ ಬೇಡ ಅಂದದ್ದು," ಅಂದರು. ಫೋನಿನಲ್ಲಿ ಅಂಗಡಿಯ ತಕ್ಕಡಿಯ ಸದ್ದು ಕೇಳುತ್ತಿತ್ತು. "ನಾಗವೇಣಿಗಿಂತ ಮೊದಲು ನಂಗೊಂದಿತ್ತು. ಹಳೇ ಊರಲ್ಲಿ. ಹೆಣ್ಣು. ಬಾರಸೆ ಜೋರು ಮಾಡಿದ್ವಿ, ಹೆಸರಿಟ್ವಿ, ಹಾಡಿದ್ವಿ. ನಾಕು ದಿನ ಆ ಹೆಸರು ಹಿಡಿದು ಕರೆದೆ. ಆಮೇಲೆ ಅದು ಇಲ್ಲ. ಕೂಸು ಹೋಯ್ತು, ಹೆಸರು ಹೋಗೂದಿಲ್ಲ ನೋಡು. ಈಗಲೂ ನಾಲಿಗೆಗೆ ಬರ್ತದೆ."

ಮದುವೆಯಾಗಿ ಅಷ್ಟು ದಿನವಾದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಮ್ಮವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

"ಅತ್ತೆ," ಅಂದೆ, "ಆಗ ಹೆಸರು ಹಿಡಿದು ಕರೆದದ್ದು ಬೇಡಿತ್ತು ಅನ್ಸ್ತದಾ ನಿಮಗೆ?"

ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದಾಯಿತು. "ನಾಗವೇಣಿನ ಕಳಿಸ್ತೆ. ಸೋದರತ್ತೆ ಇಲ್ದೆ ಹೆಸರು ಹಿಡಿಯೂದಿಲ್ಲ. ನೀವಿಬ್ರೇ ಎಂತಾರೂ ಮಾಡ್ಕಂಡು ಕೂರಬೇಡಿ," ಅಂದು ಫೋನಿಟ್ಟರು.

ಮರುದಿನ ಬೆಳಿಗ್ಗೆ ನಾಗವೇಣಿ ಅಕ್ಕ ಬಂದಿಳಿದಳು. ತಲೆತುಂಬ ಅಬ್ಬಲಿಗೆ ಹೂವು, ಕಂಕುಳಲ್ಲಿ ಚೀಲ. ಕಾವಲಿನವನು ಚೀಲ ತೆರೆಸಿದ. ಒಣ ಸಿಗಡಿಯ ಘಾಟು ಹಾಲ್‌ನ ಕೊನೆಯವರೆಗೂ ಹೋಯಿತು. "ಏನಮ್ಮಾ ಇದು?" ಅಂತ ಮೂಗು ಮುಚ್ಚಿದ. "ಚಟ್ನಿ ಮಾಡಿ ತಿನ್ನು, ಆಮೇಲೆ ಹೇಳು," ಅಂದು ಒಂದು ಮುಷ್ಟಿ ಅವನ ಮೇಜಿನ ಮೇಲಿಟ್ಟೇ ಒಳಗೆ ಬಂದಳು.

ಐಸಿಯುವಿಗೆ ತಂದೆ ತಾಯಿ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ನಮ್ಮ ಮಗನನ್ನು ನೋಡಿಕೊಳ್ಳುತ್ತಿದ್ದವರು ಕೇರಳದ ಲಿಸ್ಸಿ ಸಿಸ್ಟರ್. ನಾನು ಅವರಿಗೆ ಬಾರಸೆಯ ಸಂಗತಿಯನ್ನೆಲ್ಲ ಹೇಳಿದೆ, ಗುದ್ದುವುದನ್ನೂ ಬಿಡಲಿಲ್ಲ. ಅವರು ಡಾಕ್ಟರಮ್ಮನ ಹತ್ತಿರ ಹೋಗಿ ಬಂದರು. "ಅಪ್ಪ ಹೊರಗೆ, ಸೋದರತ್ತೆ ಒಳಗೆ. ಸ್ವಲ್ಪ ಹೊತ್ತು ಮಾತ್ರ. ಆದರೆ ಹೂ ತೆಗೀಬೇಕು, ಕೈ ಮೊಣಕೈವರೆಗೂ ತೊಳೀಬೇಕು, ಬಳೆ ತೆಗೀಬೇಕು."

ಹೂ ತೆಗೆದಳು. ಕೈ ತೊಳೆದಳು. ಬಳೆ ಅಂದದ್ದಕ್ಕೆ ನಲ್ಲಿಯ ಮುಂದೆ ಕಲ್ಲಾಗಿ ನಿಂತಳು.

ಅವಳ ಎರಡು ಕೈಯಲ್ಲೂ ಹಸಿರು ಗಾಜಿನ ಬಳೆ. ಅವಳ ಗಂಡ ಹಿಂದಿನ ದಿನವಷ್ಟೇ ಬೋಟು ಹತ್ತಿ ಸಮುದ್ರಕ್ಕೆ ಹೋಗಿದ್ದರು. ಗಂಡ ನೀರಿನ ಮೇಲಿರುವಾಗ ನಮ್ಮ ಹೆಂಗಸರು ಬಳೆ ತೆಗೆಯುವುದು ಹಾಗಿರಲಿ, ಒಡೆದರೆ ಅನ್ನವೂ ಇಳಿಯುವುದಿಲ್ಲ.

"ಮಂಗಲಾ, ಇದೊಂದು ಆಗೂದಿಲ್ಲವೇ," ಅಂದಳು. ಇಡೀ ಅಂಕೋಲೆ ಪೇಟೆಯನ್ನು ಬಾಯಿಯಿಂದಲೇ ಆಳುವವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ಅತ್ತ ಅವರು, ಇತ್ತ ಇವ. ನಾ ಯಾರನ್ನ ಬಿಡ್ಲಿ?"

ಲಿಸ್ಸಿ ಸಿಸ್ಟರ್ ಅವಳ ಮುಖ ನೋಡಿದರು, ಬಳೆ ನೋಡಿದರು. ಒಳಗೆ ಹೋಗಿ, ಆಪರೇಷನ್ನಿನವರು ಹಾಕಿಕೊಳ್ಳುವ ಉದ್ದ ಗ್ಲೌಸು, ಒಂದು ಕಟ್ಟು ಬಟ್ಟೆಪಟ್ಟಿ ತಂದರು. ಬಳೆಗಳನ್ನು ಮೇಲಕ್ಕೆ ಸರಿಸಿ, ಒಂದಕ್ಕೊಂದು ತಾಗದ ಹಾಗೆ ಪಟ್ಟಿ ಸುತ್ತಿ, ಅದರ ಮೇಲೆ ಗ್ಲೌಸು ಎಳೆದು, ಮೇಲೆ ಮತ್ತೆ ಪಟ್ಟಿ ಸುತ್ತಿದರು. "ಮಗುವನ್ನು ಮುಟ್ಟಬೇಡಿ, ಹೆಸರು ಮಾತ್ರ ಹೇಳಿ," ಅಂದರು. ಹಸಿರು ಗೌನು, ತಲೆಗೆ ಟೊಪ್ಪಿಗೆ, ಎರಡೂ ಕೈ ಮುರಿದುಕೊಂಡವಳ ಹಾಗೆ ಮುಂದಕ್ಕೆ ಚಾಚಿಕೊಂಡು ನಾಗವೇಣಿ ಅಕ್ಕ ಒಳಗೆ ನಡೆದಳು. ಗಾಜಿನಾಚೆ ನಿಂತ ನಮ್ಮವರಿಗೆ ಅಕ್ಕನ ಗುರುತೇ ಸಿಗಲಿಲ್ಲವಂತೆ.

ಅವನ ಮಂಚದ ಹತ್ತಿರ ಬಂದವಳು ಸುಮ್ಮನೆ ನೋಡುತ್ತ ನಿಂತಳು. ಕೊಳವೆಗಳು, ತಂತಿಗಳು, ಹಸಿರು ಗೆರೆ ಓಡುವ ಯಂತ್ರ. "ಅಯ್ಯೋ ನನ್ ಬಾಳಾ, ನಿನ್ನ ಬಲೆಗೆ ಹಾಕಿಟ್ಟಿದ್ದಾರಲ್ಲೋ," ಅಂದಳು. ಆಮೇಲೆ ಬಗ್ಗಿದಳು.

ಒಂದು ಸಂಗತಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ದಂಡೆಯ ಗಾಳಿಯಲ್ಲಿ, ಅಲೆಯ ಸದ್ದಿನ ಮೇಲೆ ಮಾತಾಡಿ, ಪೇಟೆಯ ಈ ತುದಿಯಿಂದ ಆ ತುದಿಗೆ ಬಂಗಡೆ ಬಂಗಡೆ ಎಂದು ಕೂಗಿ ಬದುಕಿದವಳಿಗೆ ಪಿಸುಗುಡುವುದು ಎಲ್ಲಿಂದ ಬರಬೇಕು? ಅವಳ ಲೆಕ್ಕದಲ್ಲಿ ಅದು ಪಿಸುಮಾತೇ.

"ಕುರ್‌ರ್‌ರ್‌ರ್! ದಾಮೋದರಾ!"

ಐಸಿಯು ಐಸಿಯುವೇ ಬೆಚ್ಚಿತು. ಆಚೆ ಮಂಚದ ಕೂಸು ಅಳತೊಡಗಿತು. ಇಬ್ಬರು ನರ್ಸುಗಳು ಓಡಿ ಬಂದರು. ನನ್ನ ಮಗ ಎರಡೂ ಕೈ ಮೇಲಕ್ಕೆತ್ತಿ, ಬೆರಳೆಲ್ಲ ಬಿಡಿಸಿ, ಕಣ್ಣು ತೆರೆದ. ಅವನ ಯಂತ್ರ ಟೀಂ ಟೀಂ ಎಂದು ಕೂಗತೊಡಗಿತು.

ಲಿಸ್ಸಿ ಸಿಸ್ಟರ್ ಯಂತ್ರ ನೋಡಿ ಗುಂಡಿ ಒತ್ತಿದರು. "ಏನಿಲ್ಲ, ಏನಿಲ್ಲ. ಹೆಸರು ಕೇಳಿ ಎದೆ ಜೋರಾಗಿ ಹೊಡ್ಕೊಂಡಿದೆ, ಅಷ್ಟೇ." ನಿಧಾನವಾಗಿ ಗೆರೆ ಮೊದಲಿನ ಹಾಗೆ ಓಡಿತು. ನಾಗವೇಣಿ ಅಕ್ಕ ಬಗ್ಗಿದವಳು ಬಗ್ಗಿಯೇ ಇದ್ದಳು, ಏಳಲು ಹೆದರಿ.

"ಗುದ್ದೇ ಮಾರಾಯ್ತಿ," ಅಂದಳು ಹಾಗೆಯೇ. "ಎಷ್ಟು ಹೊತ್ತು ಬಗ್ಗಿಕೊಂಡಿರೂದು?"

ನಾನು ಅವಳ ಬೆನ್ನಿಗೆ ಒಂದು ಗುದ್ದಿದೆ. ಗುದ್ದಿದ ಕೈಯನ್ನು ತೆಗೆಯಲಾಗದೆ ಅಲ್ಲೇ ಇಟ್ಟುಕೊಂಡೆ. ಲಿಸ್ಸಿ ಸಿಸ್ಟರ್ ಅತ್ತಿತ್ತ ನೋಡಿ ಮೆಲ್ಲಗೆ ತಾವೂ ಒಂದು ಕೊಟ್ಟರು. ಆಮೇಲೆ ಪೆನ್ನು ತೆಗೆದು ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಅವನ ಹೆಸರು ಬರೆದರು.

ಹೊರಗೆ ಬಂದಾಗ ನಮ್ಮವರು ಅಕ್ಕನಿಗೆ ಅಂದರು, "ನೆಲ್ಲಿಕಾಯಿಯಷ್ಟು ಎದೆ ಇಟ್ಟುಕೊಂಡವನಿಗೆ ಅಷ್ಟು ದೊಡ್ಡ ಹೆಸರು ಯಾಕೆ ಅಕ್ಕಾ?"

"ಹೊತ್ಕಂಡು ಬರಲಿ. ಗಂಡಸಲ್ವಾ?" ಅಂದಳು. ಗ್ಲೌಸು ಬಿಚ್ಚಿಸಿಕೊಂಡು, ಮೂಲೆಗೆ ಹೋಗಿ, ಬಳೆಗಳನ್ನು ಒಂದೊಂದಾಗಿ ನೋಡಿಕೊಂಡಳು. ಎಲ್ಲ ಇದ್ದವು. ಶರಣಮ್ಮ "ದಾಮೋದರ, ದಾಮೋದರ" ಎಂದು ಎರಡು ಸಲ ಹೇಳಿ ನಾಲಿಗೆಗೆ ರೂಢಿ ಮಾಡಿಕೊಂಡು, ಕಣ್ಣುಮುಚ್ಚಿ ಕೂತಳು.

ಆಪರೇಷನ್ನಿನ ದಿನದ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಬೆಳಿಗ್ಗೆ ಅವನ ಮಂಚವನ್ನು ಉರುಳಿಸಿಕೊಂಡು ಹೋದರು. ಬಾಗಿಲು ಮುಚ್ಚುವ ತನಕ ಹೆಸರು ಹಿಡಿದು ಕರೆಯುತ್ತಲೇ ಇದ್ದೆ. ನಮ್ಮವರು ಕುರ್ಚಿಯ ಸಡಿಲವಾದ ಒಂದು ತಿರುಪನ್ನು ಬೆರಳಿನಿಂದ ಬಿಗಿ ಮಾಡುವುದು, ಸಡಿಲ ಮಾಡುವುದು, ಇದನ್ನೇ ಮಾಡುತ್ತ ಕೂತರು. ನಾಗವೇಣಿ ಅಕ್ಕ ಹಾಲ್‌ನಲ್ಲಿದ್ದವರಿಗೆಲ್ಲ ಬಂಗಡೆ ಹಸಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆಂದು ಹೇಳಿಕೊಟ್ಟಳು. ಮೀನನ್ನೇ ಮುಟ್ಟದವರೂ ಕೇಳಿದರು. ಮಾತು ನಿಲ್ಲಿಸಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಕಾವಲಿನವನು ಬಾಗಿಲಲ್ಲಿ ನಿಂತು ಕೂಗಿದ. "ದಾಮೋದರನ ಕಡೆಯವರು!"

ಸರ್ಜನ್ ಟೊಪ್ಪಿಗೆ ತೆಗೆಯುತ್ತ ಬಂದರು. ನಾಳಗಳು ಕೂತಿವೆ, ಹೃದಯ ತಾನೇ ಹೊಡೆದುಕೊಳ್ಳುತ್ತಿದೆ. ಊತ ಇಳಿಯಲಿ ಎಂದು ಎದೆಯನ್ನು ಇನ್ನೂ ಹೊಲಿದಿಲ್ಲ, ನೋಡಿದರೆ ಹೆದರಬೇಡಿ ಅಂದರು. ಹೆದರಬೇಡಿ ಅಂದರೂ ಹೆದರಿಕೆಯೇ. ಲಿಸ್ಸಿ ಸಿಸ್ಟರ್ ನನ್ನ ಹೆಗಲು ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ಅವನ ಎದೆಯ ಮೇಲೆ ತೆಳ್ಳಗಿನ ಒಂದು ಪೊರೆ ಅಂಟಿಸಿದ್ದರು. ಅದರ ಅಡಿಯಲ್ಲಿ ಏನೋ ಒಂದು ಪುಟ್ಟದು ಏಳುತ್ತಿತ್ತು, ಬೀಳುತ್ತಿತ್ತು. ತಾಯಿಯಾದವಳು ಮಗನ ಹೃದಯವನ್ನು ಕಣ್ಣಾರೆ ನೋಡಬೇಕೆಂದು ಯಾವ ದೇವರೂ ಬರೆದಿರಲಿಕ್ಕಿಲ್ಲ. ನಾನು ನೋಡಿದೆ. ಅದು ನಿಲ್ಲಲಿಲ್ಲ ಎಂಬುದನ್ನೂ ನೋಡಿದೆ. ಎಷ್ಟೋ ಹೊತ್ತು ಅದರ ಜೊತೆಗೇ ಉಸಿರಾಡಿದೆ.

ಒಂದೆರಡು ದಿನ ಬಿಟ್ಟು ಎದೆ ಹೊಲಿದರು. ಕೊಳವೆಗಳು ಒಂದೊಂದಾಗಿ ಹೋದವು. ಅವನನ್ನು ಮೊದಲ ಸಲ ನನ್ನ ಮಡಿಲಿಗೆ ಹಾಕಿದಾಗ ನನಗೆ ಗಾಬರಿಯಾಯಿತು. ತುಟಿ ಕೆಂಪಗಿದೆ! ಹುಟ್ಟಿದಾಗಿನಿಂದ ನೇರಳೆ ಬಣ್ಣವನ್ನೇ ಕಂಡವಳು ನಾನು. ಸಿಸ್ಟರನ್ನು ಕೂಗಿ ಕರೆದೆ.

"ತುಟಿ ಯಾಕೆ ಹೀಗಾಗಿದೆ?"

ನಮ್ಮವರು ಬಗ್ಗಿ ನೋಡಿದರು. "ಲಿಪ್‌ಸ್ಟಿಕ್ ಹಚ್ಚಿದ್ದೀರಾ ಸಿಸ್ಟರ್?"

"ಇದೇ ಅವನ ಸ್ವಂತ ಬಣ್ಣ," ಅಂದರು ಲಿಸ್ಸಿ ಸಿಸ್ಟರ್. "ಇಷ್ಟು ದಿನ ಇದ್ದದ್ದು ಬೇರೆ."

ಹೊರಡುವ ದಿನ ಶರಣಮ್ಮನ ಮಗುವಿನ ಸರದಿ ಇನ್ನೂ ಬಂದಿರಲಿಲ್ಲ. ಅವಳನ್ನು ಆ ಚಾಪೆಯ ಮೇಲೆ ಬಿಟ್ಟು ಬರುವುದು ನನಗೆ ಕಷ್ಟವಾಯಿತು. ತಿಂಗಳಾದ ಮೇಲೆ ಅಂಗಡಿಗೆ ಅವಳ ಫೋನು ಬಂತು. ಮಗಳು ಹಾಲು ಕುಡಿದು ಗಾದಿಯೆಲ್ಲ ಒದ್ದೆ ಮಾಡುತ್ತಾಳೆ ಎಂದು ಬೈಯುತ್ತ ನಗುತ್ತಿದ್ದಳು.

ನಾಗವೇಣಿ ಅಕ್ಕ ಮೊದಲೇ ಬಸ್ಸಿನಲ್ಲಿ ಊರಿಗೆ ಹೋಗಿದ್ದಳು; ಸುಂಕಸಾಳದಲ್ಲಿ ನಾವು ಗಾಡಿ ನಿಲ್ಲಿಸಿ ಥರ್ಮಾಸು ಕೊಟ್ಟೆವು. ಹೊಟೇಲಿನವನು ಬೆರಳು ಮಾಡಿ ನಮ್ಮ ಮೂವರನ್ನು ಎಣಿಸಿದ, ಅಷ್ಟೇ. ಚಹದ ದುಡ್ಡು ತೆಗೆದುಕೊಳ್ಳಲಿಲ್ಲ.

ತೋಡೂರಿನ ಮನೆಯ ಬಾಗಿಲಲ್ಲಿ ಅತ್ತೆ ಉಪ್ಪು ಮೆಣಸು ಹಿಡಿದು ನಿಂತಿದ್ದರು. ನಿವಾಳಿಸಿ, ಒಲೆಗೆ ಹಾಕಿ, ಕೈ ತೊಳೆದು ಬಂದು ಅವನನ್ನು ಎತ್ತಿಕೊಂಡರು. "ಬಂದ್ಯಾ ಬಾಳಾ?" ಅಂದರು.

ಬಾಳ ಎಂದರೆ ನಮ್ಮ ಕಡೆ ಮಗು, ಅಷ್ಟೇ. ಆಮೇಲೂ ಅವರು ಅವನನ್ನು ಕರೆದದ್ದು ಹಾಗೆಯೇ. ಬಾಳಾ ಉಣ್ಣು, ಬಾಳಾ ಮಲಗು. ಊರೆಲ್ಲ ದಾಮು ಅಂದಿತು, ನಮ್ಮವರು ದಾಮ್ಯಾ ಅಂದರು, ನಾಗವೇಣಿ ಅಕ್ಕ ಅಂಕೋಲೆಯಿಂದ ಬಂದಾಗಲೆಲ್ಲ ಬೇಲಿಯ ಆಚೆಯಿಂದಲೇ ಪೂರ್ತಿ ಹೆಸರು ಕೂಗಿದಳು. ಅತ್ತೆಯ ಬಾಯಲ್ಲಿ ಮಾತ್ರ ಆ ಹೆಸರು ಬರಲಿಲ್ಲ. ಅವನು ಮಲಗಿದಾಗ ಅಂಗಿ ಮೇಲೆತ್ತಿ, ಎದೆಯ ನಡುವಿನ ಗೀಟಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಉಸಿರು ಹೋಗಿ ಬರುವುದನ್ನು ನೋಡುತ್ತ ಕೂತಿರುತ್ತಿದ್ದರು. ವರ್ಷಕ್ಕೊಮ್ಮೆ ಬೆಂಗಳೂರಿಗೆ ತೋರಿಸಲು ಹೋದಾಗ ನಾವು ತಿರುಗಿ ಬರುವ ತನಕ ಮೀನಿನ ಸಾರು ಮಾಡುತ್ತಿರಲಿಲ್ಲ.

ಅವನಿಗೆ ಮೂರು ತುಂಬಿದ ಮೇಲೆ ಒಂದು ದಿನ ನಾವೆಲ್ಲ ಅಂಕೋಲೆಯ ಕೇಣಿಗೆ, ನಾಗವೇಣಿ ಅಕ್ಕನ ಮನೆಗೆ ಹೋಗಿದ್ದೆವು. ದೋಣಿ ಬಂದಿತ್ತು. ನಾವು ಮೂವರು ಹೆಂಗಸರು ದಂಡೆಯ ಮೇಲೆ ಕೂತು ಬಲೆಯಿಂದ ಮೀನು ಬಿಡಿಸುತ್ತಿದ್ದೆವು. ದಾಮು ನಮ್ಮ ಹಿಂದೆಯೇ ಮರಳಲ್ಲಿ ಆಡುತ್ತಿದ್ದವನು, ತಾರಲೆ ಮೀನು ಕಚ್ಚಿಕೊಂಡು ಹೋದ ಒಂದು ಕಾಗೆಯ ಬೆನ್ನು ಹತ್ತಿ ಓಡಿದ. ಕಾಗೆ ನೀರಿನ ಕಡೆ ಹಾರಿತು. ಅವನೂ ನೀರಿನ ಕಡೆ ತಿರುಗಿದ.

ಮೊದಲು ಕಂಡವರು ಅತ್ತೆ. ಮಡಿಲಲ್ಲಿದ್ದ ಮೀನೆಲ್ಲ ಚೆಲ್ಲಿ ಎದ್ದು ನಿಂತರು.

"ದಾಮೋದರಾ!"

ನಾಗವೇಣಿ ಅಕ್ಕನ ಕೈ ಬಲೆಯಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು. ಅಲೆಯ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಒದ್ದೆ ಮರಳಿನ ಮೇಲೆ ಓಡುತ್ತ ಇನ್ನೊಂದು ಸಲ ಕೂಗಿದರು.

"ದಾಮೋದರಾ, ನಿಲ್ಲೋ! ಅಜ್ಜಿಗೆ ಓಡೂಕಾಗೂದಿಲ್ಲ!"